ನವಿಲಿನ ಪಾಳಿ ಡಿಸೆಂಬರಿಗೆ

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಲ್ಲಬಹುದಿತ್ತು. ಬೈಲಹೊಂಗಲ ದಾಟುವ ಮೊದಲೇ ಕಾರಿನ ಟಾಯರು ಉಸಿರು ಬಿಡಬಹುದಿತ್ತು. ಅಕ್ಕನಿಗೆ ಮೊಣಕಾಲು ಹಿಡಿಯಬಹುದಿತ್ತು, ನನಗೆ ಎದೆ. ದುರ್ಬೀನು ಮನೆಯಲ್ಲೇ ಉಳಿಯಬಹುದಿತ್ತು. ನವಿಲುತೀರ್ಥದ ನವಿಲುಗಳೆಲ್ಲ ಅಂದೇ ಒಟ್ಟಾಗಿ ಬೇರೆ ತಾಲೂಕಿಗೆ ವಲಸೆ ಹೋಗಬಹುದಿತ್ತು. ಚಿಂತೆಯ ವಿಷಯದಲ್ಲಿ ನಾನು ಜಿಪುಣನಲ್ಲವೆಂಬುದನ್ನು ಓದುಗ ಮಹಾಶಯರು ಇಷ್ಟರಲ್ಲೇ ಕಂಡುಕೊಂಡಿರಬೇಕು.

ಪಕ್ಷಿವೀಕ್ಷಕರಲ್ಲಿ ‘ಬಿಗ್ ಇಯರ್’ ಎಂಬುದೊಂದು ವ್ರತವಿದೆ: ಜನವರಿಯಿಂದ ಡಿಸೆಂಬರಿನವರೆಗೆ ಎಷ್ಟು ಬಗೆಯ ಹಕ್ಕಿ ಕಂಡೆವೆಂಬ ಎಣಿಕೆ. ಬಲ್ಲವರು ಅದನ್ನು ಋತು ನೋಡಿ, ವಲಸೆ ನೋಡಿ ಯೋಜಿಸುತ್ತಾರೆ. ನಾನು ಯೋಜಿಸಿದ್ದು ಗೌರಕ್ಕನ ಕಣ್ಣು ನೋಡಿ. ಸಂಗೊಳ್ಳಿಯ ಹೊಲದಲ್ಲಿ ಕವಣೆ ಬೀಸಿ ಜೋಳದ ತೆನೆಯಿಂದ ಹಕ್ಕಿ ಓಡಿಸುತ್ತ, ಓಡಿದ ಒಂದೊಂದರ ಹೆಸರನ್ನೂ ನನಗೆ ಕಲಿಸಿದ ಅಕ್ಕ ಅವಳು. ಅವಳ ನೋಟದ ನಟ್ಟನಡುವೆ ಈಗ ಮಸುಕು; ಅಂಚು ಉಳಿದೀತು, ನಡು ಮಾತ್ರ ವರ್ಷದೊಳಗೆ ಇನ್ನಷ್ಟು ಕತ್ತಲಾದೀತು ಎಂದಿದ್ದರು ಡಾಕ್ಟರು. ಆದ್ದರಿಂದ ನನ್ನ ಯೋಜನೆ ಗಾತ್ರಾನುಸಾರಿ: ಕಣ್ಣು ಇನ್ನೂ ಅಷ್ಟಿಷ್ಟು ಕಾಣುವಾಗಲೇ ಗುಬ್ಬಿಗಿಂತ ಸಣ್ಣ ಸೂರಕ್ಕಿ, ರಾಟವಾಳ, ಬೇಸಿಗೆಗೆ ಕಿತ್ತೂರಿನ ಕೆರೆಯ ಮಿಂಚುಳ್ಳಿ, ಮಳೆಗಾಲಕ್ಕೆ ರಾಮದುರ್ಗದ ಗುಡ್ಡದ ಗೌಜಲಕ್ಕಿ, ಕಟ್ಟಕಡೆಗೆ, ನೂರನೆಯದಾಗಿ, ನವಿಲು. ಇಬ್ಬರೂ ಕಂಡರಷ್ಟೇ ಲೆಕ್ಕ.

ಜುಲೈನಲ್ಲಿ ರಾಮದುರ್ಗದ ರಸ್ತೆಗೆ ನವಿಲೊಂದು ತಾನಾಗಿಯೇ ಅಡ್ಡ ಬಂತು. ನಾನು ಪೆನ್ನು ತೆಗೆಯಲಿಲ್ಲ.

“ಬರಕೊಳ್ಳೋ,” ಎಂದಳು ಅಕ್ಕ.

“ಇದರ ಪಾಳಿ ಡಿಸೆಂಬರಿಗೆ ಐತಿ, ಅಕ್ಕಾ.”

“ಕಣ್ಣಿಗೆ ಬಿದ್ದದ್ದು ಬರ್ಯಾಕ ಮುಹೂರ್ತ ಬೇಕೇನೋ, ಶಾಣ್ಯಾ? ಆವಾಗ ನನಗ ಕಾಣಲಿಲ್ಲಂದ್ರ?”

ಆ ಪ್ರಶ್ನೆ ಐದು ತಿಂಗಳು ನನ್ನ ಹೊಟ್ಟೆಯಲ್ಲಿ ಅರಗದೆ ಕುಳಿತಿತ್ತು. ಯೋಜನೆಯನ್ನು ಮಾತ್ರ ನಾನು ಬದಲಿಸಲಿಲ್ಲ. ಅಂಜುಬುರುಕರಿಗೆ ದೇವರಿಗಿಂತ ಪಟ್ಟಿಯ ಮೇಲೆ ಭಕ್ತಿ ಹೆಚ್ಚು.

ವರ್ಷದ ಕೊನೆಯ ದಿನ ಬೆಳಗ್ಗೆ ತೊಂಬತ್ತೊಂಬತ್ತು ಹಕ್ಕಿಗಳ ಪಟ್ಟಿ ಹಿಡಿದು ನವಿಲುತೀರ್ಥದ ಹಿನ್ನೀರಿನ ದಂಡೆಗೆ ಬಂದೆವು. ಹೆದರಿದ್ದು ಒಂದೂ ನಡೆಯಲಿಲ್ಲ. ಜಾಲಿಕಂಟಿಯ ಹಿಂದೆ ಒಣ ಎಲೆ ಸರಪರ ಎಂದಿತು. ಅಕ್ಕ ಕೋಳಿಯಂತೆ ಕತ್ತು ಓರೆ ಮಾಡಿ, ಉಳಿದ ಆ ಅಂಚಿನಿಂದ ನೋಡತೊಡಗಿದಳು. ಕಂಡೀತೋ ಇಲ್ಲವೋ ಎಂದು ನಾನು ಅವಳ ಮುಖವನ್ನೇ ನೋಡುತ್ತ ನಿಂತೆ. ಹುಬ್ಬು ಗಂಟಿಕ್ಕಿತು, ಸಡಿಲಾಯಿತು. ಬಿದ್ದ ಹಲ್ಲಿನ ಸಂಕೋಚವನ್ನೂ ಮರೆತು ಬಾಯ್ತುಂಬ ನಕ್ಕಳು.

“ಸೋಗಿ ಇನ್ನಾ ಮೋಟ ಐತಿ, ಆದ್ರ ಕುತ್ತಿಗಿ ಏನ್ ನೀಲಿ ಐತೋ ತಮ್ಮಾ! ನೋಡಿದಿಲ್ಲೋ?”

ನಾನು ತಿರುಗುವಷ್ಟರಲ್ಲಿ ಕಂಟಿ ಬರಿದಾಗಿತ್ತು. ಇಡೀ ವರ್ಷದಲ್ಲಿ ತಪ್ಪಿದ್ದು ಅದೊಂದೇ: ನೂರನೆಯ ಹಕ್ಕಿಯನ್ನು ನಾನು ನೋಡಲಿಲ್ಲ.