ಬೂದುಗುಂಬಳಕ್ಕೆ ಮಾಡಿದ ಕ್ಷೌರ

ಬೆಳಗ್ಗೆ ಬಚ್ಚಲ ಕಡೆಯಿಂದ ಒಂದು ವಾಸನೆ ಬಂತು. ಹೂವಿನದಲ್ಲ, ಹಣ್ಣಿನದಲ್ಲ, ಆಸ್ಪತ್ರೆಯದೂ ಅಲ್ಲ. ಮೂರನ್ನೂ ಕಲಸಿ ಡಬ್ಬಿಗೆ ತುಂಬಿದ ಹಾಗಿತ್ತು. ಹೋಗಿ ನೋಡಿದರೆ ಮೊಮ್ಮಗಳ ಗಂಡ ಕೆನ್ನೆಗೆಲ್ಲ ಬಿಳಿ ನೊರೆ ಮೆತ್ತಿಕೊಂಡು ಕನ್ನಡಿ ಮುಂದೆ ನಿಂತಿದ್ದಾನೆ. ಕನಕಪುರದವನು, ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಹಬ್ಬಕ್ಕೆ ಅಂತ ಅಕ್ಕೂರಿಗೆ ಬಂದಿದ್ದ. ಈ ತಿಂಗಳು ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡೆ. ಹುಳ ಇದ್ದಿದ್ದರೆ ಅಳಿಯನೂ ಇಲ್ಲ ಗಿಳಿಯನೂ ಇಲ್ಲ, ಡಬ್ಬಿ ಸಮೇತ ಬೀದಿಗೆ ಕಳಿಸುತ್ತಿದ್ದೆ.

ಹುಳದ ವಿಚಾರ ನಿಮಗೆ ಗೊತ್ತಿಲ್ಲದಿದ್ದರೆ ಹೇಳಬೇಕು. ರೇಷ್ಮೆ ಹುಳದಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಪೌಡರ್ ಹಚ್ಚಿಕೊಂಡು ಹತ್ತಿರ ಹೋದರೆ ಆಗದು, ಸೆಂಟು ಆಗದು, ಬೀಡಿ ಸೇದಿದ ಕೈ ಆಗದು. ಸೊಪ್ಪು ತಿನ್ನೋದು ಬಿಟ್ಟು ತಲೆ ಎತ್ತಿಕೊಂಡು ಕೂತುಬಿಡುತ್ತವೆ. ಹುಳ ಮನೆಯಲ್ಲಿರುವ ಇಪ್ಪತ್ತೈದು ದಿನ ನಮ್ಮಲ್ಲಿ ಗಮಗಮ ಅನ್ನೋ ಸೋಪನ್ನೂ ಮುಟ್ಟುವುದಿಲ್ಲ. ಮದುವೆಗೆ ಹೋಗಿ ಬಂದವರು ಸ್ನಾನ ಮಾಡದೆ ಹುಳಮನೆ ಬಾಗಿಲು ತೆಗೆಯುವುದಿಲ್ಲ. ಇನ್ನು ಸೂತಕದವರಂತೂ ಮೆಟ್ಟಿಲೇ ಹತ್ತಬಾರದು. ಸರಿಯೋ ತಪ್ಪೋ, ನಮ್ಮ ಅತ್ತೆ ಕಾಲದಿಂದ ಹಾಗೇ ನಡೆದುಕೊಂಡು ಬಂದಿದೆ.

ಅವನು ಮುಖ ತೊಳೆದು ಬಂದ. ಕತ್ತಿನ ತುಂಬ ಕೆಂಪು ಗುಳ್ಳೆ.

"ಏನಪ್ಪ ಇದು, ಸೊಳ್ಳೆ ಕಚ್ಚಿದ್ವಾ?" ಅಂದೆ.

"ಐದು ಬ್ಲೇಡಿಂದು ಕಣಜ್ಜಿ. ಅದರ ತಲೆ ಬದ್ಲಾಯಿಸ್ಬೇಕು ಅಂದ್ರೆ ವಿಪರೀತ ರೇಟು. ಅದ್ಕೇ ಒಂದನ್ನೇ ಎರಡು ತಿಂಗಳು ಎಳೀತೀನಿ."

"ಐದು ಜನ ಒಟ್ಟಿಗೆ ಒಂದೇ ಕೆನ್ನೆ ಮೇಲೆ ಬಿದ್ರೆ ಉರೀದೆ ಏನ್ ಮಾಡ್ತದೆ."

ನಕ್ಕ. ಆಮೇಲೆ ಮೆಲ್ಲಗೆ ಕೇಳಿದ: "ತಾತಂದು ಹಳೇ ರೇಜರ್ ಐತಲ್ಲ, ಅಂಥದ್ದೊಂದು ತಗೊಳ್ಳೋಣ ಅಂತ. ಹೆಂಗೆ ಮಾಡೋದು ಅಂತ ತಾತನ್ನ ಕೇಳ್ಲಾ?"

"ತಾತನ್ನ ಯಾಕೆ ಕೇಳ್ತೀಯ, ನನ್ನ ಕೇಳು."

ತಮಾಷೆ ಅಂದುಕೊಂಡ. ನೀವೂ ಅಂದುಕೊಳ್ಳಬಹುದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಕೊನೆಯ ಎರಡು ತಿಂಗಳು ಸ್ಕೂಲಿಗೆ ಹೋಗಲಿಲ್ಲ. ಆದರೆ ಈ ಒಂದು ವಿದ್ಯೆಯಲ್ಲಿ ನನ್ನನ್ನು ಫೇಲು ಮಾಡುವವರು ಸುತ್ತಮುತ್ತ ಇಲ್ಲ.

ನಮ್ಮ ಯಜಮಾನರ ರೇಜರ್ ಮೂರು ತುಂಡಿನದು. ಹಿಡಿ ತಿರುಗಿಸಿದರೆ ಮೂರೂ ಬಿಚ್ಚಿಕೊಳ್ಳುತ್ತವೆ, ನಡುವೆ ಬ್ಲೇಡ್ ಮಲಗಿಸಿ ಮತ್ತೆ ತಿರುಗಿಸಿದರೆ ಆಯಿತು. ನಮ್ಮ ಮದುವೆಗೆ ಮುಂಚೆ ತಗೊಂಡಿದ್ದು. ದಿನ ಬಿಟ್ಟು ದಿನ ಅಂಗಳದ ನುಗ್ಗೆ ಮರದ ಕವಲಿಗೆ ಕನ್ನಡಿ ಸಿಕ್ಕಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಗಡ್ಡ ಹೆರೆಯುತ್ತಿದ್ದರು. ಅದಾದ ಮೇಲೆ ಸ್ನಾನ, ಆಮೇಲೆ ಹುಳಮನೆ. ಬೇರೆ ಯಾರಾದರೂ ಗಡ್ಡ ಬಿಟ್ಟುಕೊಂಡು ಎದುರಿಗೆ ಬಂದರೆ ಬೀದಿಯಲ್ಲೇ ನಿಲ್ಲಿಸಿ, "ಯಾರ್ಲಾ ಸತ್ತಿದ್ದು ನಿಮ್ಮನೇಲಿ?" ಅಂತ ಕೇಳುವ ಬಾಯಿ ಅವರದು. ಒಬ್ಬಿಬ್ಬರ ಮನೆಯಲ್ಲಿ ನಿಜವಾಗಿಯೂ ಸತ್ತಿದ್ದರು. ಆದರೂ ಆ ಚಾಳಿ ಬಿಡಲಿಲ್ಲ.

ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಾಯಿ ಒಂದು ಕಡೆಗೆ ಎಳೆಯಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಕೋಲು ಹಿಡಿದು ಹತ್ತು ಹೆಜ್ಜೆ ಹಾಕುತ್ತಿದ್ದರು, ಮಾತೂ ನಿಧಾನಕ್ಕೆ ಬರುತ್ತಿತ್ತು. ಆದರೆ ಮುಖದ ತುಂಬ ಬಿಳಿ ಗಡ್ಡ. ನೋಡಲು ಬಂದ ಪಕ್ಕದ ಮನೆಯವನು ಬಾಗಿಲಲ್ಲಿ ನಿಂತು, "ಏನ್ ಗೌಡ್ರೆ, ಯಾರು ಹೋದ್ರು?" ಅಂದ. ಹಳೇ ಮಾತನ್ನು ವಾಪಸ್ ಕೊಟ್ಟ, ಅಷ್ಟೆ. ನಗಿಸೋಣ ಅಂತ ಅಂದಿದ್ದು. ಇವರು ಗೋಡೆ ಕಡೆ ತಿರುಗಿ ಮಲಗಿದರು. ಅವತ್ತಿಂದ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಮನೆಯಲ್ಲಿ ಆಗ ಹುಳ ಇದ್ದವು. ಮಗ ನೋಡಿಕೊಳ್ಳುತ್ತಿದ್ದ. ಸೊಪ್ಪು ಹಾಕೋದು, ಕಸ ತೆಗೆಯೋದು ಎಲ್ಲ ಬಲ್ಲ. ಆದರೆ ಹುಳ ಯಾವಾಗ ತಿನ್ನೋದು ಮುಗಿಸಿ ಹಣ್ಣಾಗುತ್ತವೆ, ಯಾವ ಗಳಿಗೆಯಲ್ಲಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು ಅನ್ನೋ ಕಣ್ಣು ಅವನಿಗೆ ಇನ್ನೂ ಕೂತಿರಲಿಲ್ಲ. ಅದು ಅಪ್ಪನ ಕೆಲಸ.

"ಅಪ್ಪ, ಒಂದ್ ಗಳಿಗೆ ಬಂದು ನೋಡು" ಅಂದರೆ, "ಸೂತಕದ ಮೋರೆ ಹೊತ್ಕಂಡು ಹುಳಮನೆಗೆ ಬರಾದಾ?" ಅಂತ ಅವರು.

"ಸಲೂನಿನವನ್ನ ಮನೆಗೇ ಕರ್ಕೊಂಡು ಬತ್ತೀನಿ" ಅಂದ. ಬೇಡ ಅಂದರು. ಬಾಯಿಯ ಒಂದು ಪಕ್ಕದಿಂದ ಜೊಲ್ಲು ಇಳಿಯುತ್ತಿತ್ತು, ಅದನ್ನು ಹೊರಗಿನವರ ಕೈಗೆ ಕೊಡಲು ಮನಸ್ಸಿಲ್ಲ. ಮಗನೇ ತನ್ನ ಪ್ಲಾಸ್ಟಿಕ್ ರೇಜರ್ ತಂದು ಕೆನ್ನೆಗೆ ಇಟ್ಟ. ತಿಂಗಳ ಗಡ್ಡ, ಎರಡು ಸಲ ಎಳೆಯುವಷ್ಟರಲ್ಲಿ ಕೂದಲು ಸಿಕ್ಕಿಕೊಂಡು ನಿಂತಿತು. ಮತ್ತೆ ಎಳೆದ. ಇವರ ಕಣ್ಣಲ್ಲಿ ನೀರು ಬಂತು. ಅದು ನೋವಿಗೋ ಬೇರೆಯದಕ್ಕೋ ನನಗೆ ಗೊತ್ತಿಲ್ಲ. ಮಗ ರೇಜರ್ ಇಟ್ಟು ಹಿತ್ತಲಿಗೆ ಹೋದ, ಅರ್ಧ ಗಂಟೆ ಒಳಗೆ ಬರಲಿಲ್ಲ.

ಈ ಬೆಳೆಗೆ ಇವರು ಕೋಣೆಯಿಂದ ಹೊರಗೆ ಬರದಿದ್ದರೆ ಇನ್ನು ಯಾವತ್ತೂ ಬರುವುದಿಲ್ಲ ಅಂತ ನನಗೆ ಅವತ್ತು ತಿಳಿಯಿತು. ಮಲಗಿದ ಗಂಡಸರನ್ನು ನಾನು ನೋಡಿದ್ದೇನೆ. ನಮ್ಮಪ್ಪನೂ ಹಾಗೇ ಮಲಗಿದ್ದ.

ಹಳೇ ರೇಜರ್ ಹುಡುಕಿ ತೆಗೆದೆ. ಹೆಂಗಸರು ಗಂಡಸರ ಗಡ್ಡಕ್ಕೆ ಕೈ ಹಾಕೋದು ನಮ್ಮ ಕಡೆ ಇಲ್ಲ. ಇಲ್ಲ ಅಂದರೆ ಮಾಡಬಾರದು ಅಂತಲೂ ಯಾರೂ ಬರೆದಿಟ್ಟಿಲ್ಲ, ಯಾರಿಗೂ ಅದರ ಯೋಚನೆ ಬಂದಿರಲಿಲ್ಲ, ಅಷ್ಟೆ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಮುಂಚೆ ತಿನ್ನದೆ ಸುಮ್ಮನಿರುವ ದಿನ. ಅಂಥ ದಿನದಲ್ಲಿ ಶೇವಿಂಗ್ ಕ್ರೀಮು, ಮೈ ಸೋಪು ಯಾವುದೂ ತೆಗೆಯುವ ಹಾಗಿಲ್ಲ. ನಾನು ಬುದ್ಧಿವಂತಳು ನೋಡಿ, ವಾಸನೆ ಇಲ್ಲದ್ದು ಅಂತ ಬಟ್ಟೆ ಒಗೆಯುವ ಬಾರ್ ಸೋಪನ್ನೇ ತಿಕ್ಕಿದೆ. ಸಾಲದ್ದಕ್ಕೆ ರೇಜರನ್ನು ಕುಡುಗೋಲಿನ ಹಾಗೆ ಹಿಡಿದು, ರಾಗಿ ತೆನೆ ಕೊಯ್ದ ಹಾಗೆ ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆದೆ. ಗದ್ದದ ಹತ್ತಿರ ರಕ್ತ. ಸಂಜೆ ಹೊತ್ತಿಗೆ ಕೆನ್ನೆ ಸುಟ್ಟ ಹಾಗೆ ಕೆಂಪಾಯಿತು.

"ಬುಟ್ಬುಡು ಅಮ್ಮಿ," ಅಂದರು. "ಬಟ್ಟೆ ಅಲ್ಲ ಕಣೆ ಇದು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹಿತ್ತಲ ತಿಪ್ಪೆಯ ಮೇಲೆ ಬೂದುಗುಂಬಳದ ಬಳ್ಳಿ ಹಬ್ಬಿತ್ತು. ಎಳೆಗಾಯಿಯನ್ನು ನೀವು ಮುಟ್ಟಿ ನೋಡಿದ್ದೀರೋ ಇಲ್ಲವೋ. ಬೂದಿ ಕೂರುವ ಮುಂಚೆ ಅದರ ಮೈ ತುಂಬ ಬಿಳಿ ರೋಮ ಇರುತ್ತದೆ, ಕೈಗೆ ಚುಚ್ಚುತ್ತದೆ. ಸಿಪ್ಪೆ ಎಷ್ಟು ಮೆತ್ತಗೆ ಅಂದರೆ ಉಗುರು ತಾಗಿದರೂ ಗಾಯವಾಗಿ ನೀರು ಒಸರುತ್ತದೆ. ಮುದುಕರ ಕೆನ್ನೆಗೂ ಅದಕ್ಕೂ ಬಹಳ ವ್ಯತ್ಯಾಸ ಇಲ್ಲ. ಒಂದು ಕಾಯಿ ಕಿತ್ತು ಮಡಿಲಲ್ಲಿ ಇಟ್ಟುಕೊಂಡೆ. ನೊರೆಗೆ ಏನು ಮಾಡೋದು ಅಂತ ಯೋಚಿಸುವಾಗ ದಾಸವಾಳದ ಗಿಡ ಎದುರಿಗೇ ಇತ್ತು. ಮಗಳು ಸಣ್ಣವಳಿದ್ದಾಗ ಅವಳ ತಲೆಗೆ ಹಚ್ಚುತ್ತಿದ್ದೆ, ಎಲೆ ಕಿವುಚಿದರೆ ಲೋಳೆ ಬರುತ್ತದೆ, ವಾಸನೆ ಇಲ್ಲ, ಉರಿ ಇಲ್ಲ, ಜಾರುತ್ತದೆ. ಉಗುರು ಬೆಚ್ಚಗಿನ ನೀರಲ್ಲಿ ಒಂದು ಹಿಡಿ ಎಲೆ ಕಿವುಚಿ ಕಾಯಿಗೆ ಬಳಿದೆ.

ದಿನಕ್ಕೊಂದು ಕಾಯಿ ಹೆರೆದೆ. ಮೊದಲನೆಯದಕ್ಕೆ ಏಳು ಗಾಯ. ಎರಡನೆಯದಕ್ಕೆ ನಾಲ್ಕು. ಒತ್ತಿದರೆ ಕೊಯ್ಯುತ್ತದೆ, ಬಿಟ್ಟರೆ ಹೆರೆಯುತ್ತದೆ. ರೇಜರಿನ ತಲೆಗೆ ಅದರದೇ ಭಾರ ಇದೆ, ಅದರ ಪಾಡಿಗೆ ಅದನ್ನು ಇಳಿಯಲು ಬಿಡಬೇಕು. ನಮ್ಮಂಥ ದುಡಿಯೋ ಕೈಗೆ ಇದೇ ಕಷ್ಟ. ಕುಡುಗೋಲು, ಈಳಿಗೆ ಮಣೆ, ಒರಳು, ಯಾವುದಕ್ಕೂ ಒತ್ತದೆ ಕೆಲಸ ಆಗುವುದಿಲ್ಲ. ಸುಮ್ಮನೆ ಹಿಡಿದುಕೊಳ್ಳುವ ಕೆಲಸ ನನಗೆ ಅರವತ್ತು ದಾಟಿದ ಮೇಲೆ ಮೊದಲ ಸಲ ಬಂತು.

ಮೂರನೇ ಕಾಯಿ ಹೆರೆಯುವಾಗ ಮಗ ಬಂದು ನಿಂತ.

"ಅವ್ವ, ಏನ್ ಮಾಡ್ತಾ ಇದೀಯೆ?"

"ಕುಂಬಳಕಾಯಿಗೆ ಹೆಣ್ಣು ನೋಡೋಕೆ ಹೋಗ್ಬೇಕಂತೆ. ರೆಡಿ ಮಾಡ್ತಾ ಇವ್ನಿ."

ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಒಳಗಿನಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಸದ್ದು ಬಂತು. ಓಡಿಹೋಗಿ ನೋಡಿದರೆ ಇವರು ನಗುತ್ತಿದ್ದಾರೆ. ಸೊಟ್ಟ ಬಾಯಲ್ಲಿ ನಕ್ಕರೆ ಹಾಗೆ ಕೇಳಿಸುತ್ತದೆ ಅಂತ ನಮಗೆ ಅದುವರೆಗೆ ಗೊತ್ತಿರಲಿಲ್ಲ.

"ಗಾಯ ಎಷ್ಟಾಯ್ತು?" ಅಂದರು.

"ಇದಕ್ಕೆ ಒಂದು."

"ಒಂದೂ ಇಲ್ದಂಗೆ ಮಾಡ್ಕಂಡು ಬಾ."

ಐದನೇ ಕಾಯಿಗೆ ಒಂದೂ ಆಗಲಿಲ್ಲ. ತಂದು ತೋರಿಸಿದೆ. ಎಡಗೈಯಲ್ಲಿ ಸವರಿ, ತಿರುಗಿಸಿ, ತೊಟ್ಟಿನ ಹತ್ತಿರ ಬೆರಳಿಟ್ಟು, "ಇಲ್ಲಿ ಒಸಿ ಬುಟ್ಟಿದೀಯ" ಅಂದರು. ಆಮೇಲೆ ತಾವೇ ಮುಖ ಮುಂದೆ ಮಾಡಿದರು.

ಮೊದಲು ಕತ್ತರಿಯಲ್ಲಿ ಉದ್ದ ಕೂದಲು ತೆಗೆದೆ. ಬಿಸಿ ನೀರಲ್ಲಿ ಹಿಂಡಿದ ಬಟ್ಟೆ ಮುಖಕ್ಕೆ ಇಟ್ಟು, ನಾನೂರು ಎಣಿಸಿದೆ. ಗಡಿಯಾರ ನೋಡುವ ಅಭ್ಯಾಸ ನನಗಿಲ್ಲ. ಲೋಳೆ ಬಳಿದು, ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಕೂದಲು ಹೋದ ದಿಕ್ಕಿಗೇ ಬೆರಳುದ್ದ ಬೆರಳುದ್ದ ಇಳಿಸಿದೆ. ಸರಿಯಾಗಿ ಹಿಡಿದರೆ ಹುಳ ಸೊಪ್ಪು ತಿನ್ನುವಾಗ ಬರುವ ಸರಸರ ಸದ್ದು ಬರುತ್ತದೆ. ಬರದಿದ್ದರೆ ಹಿಡಿತ ತಪ್ಪಾಗಿದೆ ಅಂತ ಲೆಕ್ಕ. ಜೊಲ್ಲು ಬಂದಾಗ ಒರೆಸಿದೆ. ಗದ್ದದ ಕೆಳಗೆ ಒಂದು ಹಳೇ ಗಾಯದ ಗೆರೆ ಕಂಡಿತು. ಯಾವಾಗಿಂದು ಅಂತ ಕೇಳಿದರೆ, ಸಣ್ಣವರಿದ್ದಾಗ ಎತ್ತಿನ ಕೊಂಬು ತಾಗಿದ್ದಂತೆ. ಅಷ್ಟು ವರ್ಷ ಸಂಸಾರ ಮಾಡಿ ನಾನದನ್ನು ನೋಡಿರಲಿಲ್ಲ. ಬಡಿಸುವಾಗ ತಟ್ಟೆ ನೋಡುತ್ತೇವೆ, ಜಗಳಕ್ಕೆ ನಿಂತಾಗ ಗೋಡೆ ನೋಡುತ್ತೇವೆ. ಮುಖ ನೋಡುವ ಕೆಲಸ ಯಾವಾಗ ಬರುತ್ತದೆ ಹೇಳಿ.

ಪಟಿಕದ ಹರಳು ಒದ್ದೆ ಮಾಡಿ ಸವರಿದೆ. ಸ್ನಾನ ಮಾಡಿಸಿದೆ. ಬಿಳಿ ಅಂಗಿ ಕೇಳಿದರು. ಕೋಲು ಹಿಡಿದು, ಮಗನ ಭುಜ ಹಿಡಿದು ಹುಳಮನೆಯ ಮೂರು ಮೆಟ್ಟಿಲು ಹತ್ತಿದರು. ಹುಳದ ಒಂದು ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಮಗನಿಗೆ ಬೈಯಲು ಶುರು ಮಾಡಿದರು. "ಸೊಪ್ಪು ಇಷ್ಟು ದಪ್ಪ ಹಾಕಿದ್ರೆ ಅವು ಉಸಿರಾಡದೆಂಗ್ಲಾ? ಕಣ್ಣು ಎಲ್ಲಿ ಮಡಗಿದ್ದೆ? ನಾಳಿದ್ದು ಹಣ್ಣಾಯ್ತವೆ, ಚಂದ್ರಿಕೆ ಬಿಸಿಲಿಗೆ ಇಕ್ಕು." ಮಗ ತಲೆ ಬಗ್ಗಿಸಿ ಬೈಸಿಕೊಂಡ. ಅಷ್ಟು ಖುಷಿಯಾಗಿ ಬೈಸಿಕೊಂಡ ಮಗನನ್ನು ನಾನು ನೋಡಿಲ್ಲ.

ಅವತ್ತಿಂದ ದಿನ ಬಿಟ್ಟು ದಿನ ನನ್ನ ಕೈಯಲ್ಲೇ ಆಗುತ್ತಿದೆ.

ಇಷ್ಟನ್ನೂ ಇವತ್ತು ಮೊಮ್ಮಗಳ ಗಂಡನಿಗೆ ಹೇಳಿದೆ. ಖರ್ಚಿನ ವಿಚಾರವನ್ನೂ ಹೇಳಿದೆ. ದುಬಾರಿ ಸೆಟ್ಟು ಬೇಡ, ಸಾದಾ ಮೂರು ತುಂಡಿನದು ಸಾಕು. ಬ್ಲೇಡು ಎರಡು ಮೂರು ತರದ್ದು ತಂದು ನೋಡು, ನಿನ್ನ ಚರ್ಮಕ್ಕೆ ಯಾವುದು ಒಗ್ಗುತ್ತದೋ ಅದನ್ನೇ ಹಿಡಿ. ಬ್ರಶ್ಶು ಆಮೇಲೆ ಬೇಕಾದರೆ ತಗೋ, ಸದ್ಯಕ್ಕೆ ಅಂಗೈ ಇದೆ. ಹಳೇ ಬ್ಲೇಡು ಕಂಡಲ್ಲಿ ಎಸೆಯಬೇಡ, ದನಗಳು ತಿರುಗಾಡುವ ಜಾಗ, ಒಂದು ಡಬ್ಬಿಗೆ ಹಾಕಿಡು. "ಇವತ್ತು ಹೆಂಗೂ ತಾತನ ದಿನ, ಬಾ, ತೋರಿಸ್ತೀನಿ" ಅಂತ ಅಂಗಳಕ್ಕೆ ಕುರ್ಚಿ ಹಾಕಿಸಿದೆ.

ಬಲಗೆನ್ನೆ ಮುಗಿಸಿದೆ. ಅವನು ಬಗ್ಗಿ ಬಗ್ಗಿ ನೋಡುತ್ತಿದ್ದ. ರೇಜರ್ ತೊಳೆದು ಎಡಗೆನ್ನೆಗೆ ತಿರುಗುವಷ್ಟರಲ್ಲಿ ಇವರು ಎಡಗೈ ಚಾಚಿದರು.

"ಕೊಡು ಇಲ್ಲಿ."

"ಯಾತಕ್ಕೆ?"

"ಚಮಚ ಹಿಡೀತೀನಿ, ಕೋಲು ಹಿಡೀತೀನಿ. ಇದ ಹಿಡಿಯಕಾಗಲ್ವ?"

"ಕುಯ್ಕಂಡ್ರೆ ನಾ ಕಾಣೆ."

"ನೀ ಕಾಣೋದು ಬ್ಯಾಡ. ನೀರು ಹಿಡ್ಕಂಡು ನಿಂತ್ಕೊ."

ಮೊಮ್ಮಗಳ ಗಂಡನ ಮುಂದೆ ಹೆಂಡತಿಯ ಕೈಗೆ ಮುಖ ಕೊಟ್ಟು ಕೂರಲು ನಾಚಿಕೆಯಾಯಿತೋ, ಅಥವಾ ಎಷ್ಟೋ ದಿನದಿಂದ ಮನಸ್ಸಲ್ಲಿ ಇತ್ತೋ. ನಾನು ಚೊಂಬು ಹಿಡಿದು ನಿಂತೆ. ಅವರು ರೇಜರನ್ನು ಅದರ ಪಾಡಿಗೆ ಇಳಿಯಲು ಬಿಟ್ಟರು, ಒತ್ತಲಿಲ್ಲ. ನಾಲ್ಕು ವರ್ಷ ಕೆನ್ನೆ ಮೇಲೆ ಕಲಿತಿದ್ದರು ಅಂತ ಕಾಣುತ್ತದೆ. ಒಂದೊಂದು ಎಳೆತಕ್ಕೂ ನಿಂತು ಉಸಿರು ತೆಗೆದುಕೊಂಡು, ನಾನು ಎರಡು ನಿಮಿಷದಲ್ಲಿ ಮಾಡುವುದನ್ನು ಅರ್ಧ ಗಂಟೆ ಮಾಡಿದರು. ಸಂತೋಷ ಪಡಬೇಕಾದ ವಿಷಯ. ಪಟ್ಟೆ. ಪೂರ್ತಿ ಪಟ್ಟೆ ಅಂದರೆ ಸುಳ್ಳಾಗುತ್ತದೆ. ದಿನ ಬಿಟ್ಟು ದಿನ ಅಷ್ಟು ಹತ್ತಿರ ಹೋಗಿ ನಿಲ್ಲಲು ಇನ್ನು ನನಗೆ ಬೇರೆ ನೆಪ ಇಲ್ಲ.

ಮುಗಿಸಿ ನನ್ನ ಕಡೆ ತಿರುಗಿದರು. "ಹೆಂಗೈತೆ?"

ಎಡದವಡೆಯ ಕೆಳಗೆ ಎರಡು ಬೆರಳಗಲ ಬಿಟ್ಟಿದ್ದರು. ಮೊಮ್ಮಗಳ ಗಂಡನೂ ನೋಡಿದ. "ತಾತ, ಇಲ್ಲೊಸಿ..." ಅಂತ ಕೈ ಎತ್ತಿದ.

"ನೀ ಹೋಗಿ ಕಾಫಿ ಕುಡಿಯಪ್ಪ, ಆರೋಯ್ತದೆ" ಅಂದೆ. ಅವನು ನನ್ನ ಮುಖ ನೋಡಿ ಒಳಗೆ ಹೋದ.

ಕಂಡದ್ದನ್ನು ಕಂಡ ಹಾಗೆ ಆಡಿ ಊರಿಗೆಲ್ಲ ಕೆಟ್ಟವಳು ಅನ್ನಿಸಿಕೊಂಡವಳು ನಾನು. "ಸರಿಯಾಗೈತೆ" ಅಂದೆ.

ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು ಟೀ ಅಂಗಡಿ ಕಡೆ ಹೊರಟರು. ಆ ಎರಡು ಬೆರಳಗಲ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿ ಯಾರಾದರೂ ಹೇಳುತ್ತಾರೆ, ಹೇಳಲಿ. ನಾನು ರೇಜರ್ ಬಿಚ್ಚಿ ತೊಳೆದು, ಒರೆಸಿ, ಒಳಗಿನ ನನ್ನ ಗೋಡೆಗೂಡಿನಲ್ಲಿ ಇಡಲು ಹೋದವಳು ನಿಂತೆ. ಆಮೇಲೆ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ, ಅವರ ಎಡಗೈಗೆ ಎಟಕುವ ಕಡೆ ಇಟ್ಟೆ.