ಗಂಡಸರ ಮಜ್ಲಿಸಿಗೆ ಬಂದ ಹೆಂಗಸರ ಮದುವೆ

ಅರಬ್ ನಾಡಿನ ಹುಫೂಫಿನ ಬದ್ರಿಯಾ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ, ವಿಡಿಯೊ ತೆಗೆಯುವವಳು. ಮದುವೆ ಮನೆಯ ಬಾಗಿಲಲ್ಲೇ ಎಲ್ಲರ ಫೋನೂ ತೆಗೆದಿಟ್ಟುಕೊಳ್ಳುವ ಊರು ಅದು. ಒಳಗೆ ಹೋಗುವ ಕ್ಯಾಮೆರಾ ಇವಳದೊಂದೇ. ಮೈಮುಚ್ಚುವ ಅಬಾಯಾ ಕಳಚಿ, ಕೂದಲು ಬಿಚ್ಚಿ ಕುಣಿಯುವ ತಾಯಂದಿರು, ಸೊಸೆಯರು ಅವಳನ್ನು ನಂಬಿದ್ದರು. ಆ ನಂಬಿಕೆಯೇ ಅವಳ ಅನ್ನ. ಮದುಮಗಳ ಸ್ವಂತ ಅಣ್ಣ ಬಂದು ಅಂಗಲಾಚಿದರೂ ಒಂದು ಫೋಟೋ ಕೊಟ್ಟವಳಲ್ಲ.

ಹಾರ್ಡ್ ಡಿಸ್ಕ್‌ಗಳೆಲ್ಲ ತುಂಬಿಹೋದಾಗ ಮನೆಯಲ್ಲಿ ಜಗಳ ಶುರುವಾಯಿತು. ಬದ್ರಿಯಾ ಮುಚ್ಚಿಹೋದ ಟೈಲರ್ ಅಂಗಡಿಯಿಂದ ಒಂದು ಹಳೇ ಕಂಪ್ಯೂಟರ್ ತಂದಿದ್ದಳು. ಅದಕ್ಕೆ ದೊಡ್ಡ ಡಿಸ್ಕ್ ಹಾಕಿಸಿ ತನ್ನ ಕೋಣೆಯಲ್ಲಿ ಬೀಗ ಜಡಿದು ಇಡುವ ಯೋಚನೆ. ತಮ್ಮ ಮಿಶಾರಿಗೆ ಮನೆಯ ಫೋನು, ಟಿವಿಗಳೆಲ್ಲ ವೈಫೈನಲ್ಲಿ ತೆರೆಯಬಲ್ಲ ಪೆಟ್ಟಿಗೆ, ನೆಟ್‌ವರ್ಕ್ ಡ್ರೈವೇ ಆಗಬೇಕು. ಅಕ್ಕನ ಹೆಸರಲ್ಲಿ ತನ್ನ ಒಂಟೆ ಓಟದ ವಿಡಿಯೊಗಳಿಗೆ ಜಾಗ ಮಾಡಿಕೊಳ್ಳುವ ಹುನ್ನಾರ ಅವನದು. ಅದನ್ನು ಮಾತ್ರ ಬಾಯಿಬಿಡಲಿಲ್ಲ.

“ಈ ಡಬ್ಬಾ ಇಟ್ಕೊಂಡು ಏನ್ ಮಾಡ್ತೀಯಕ್ಕ? ಕೆಮ್ಮಿದ್ರೆ ಸಾಯತ್ತೆ ಇದು.”

“ಸತ್ರೂ ನನ್ನ ಕೋಣೇಲೇ ಸಾಯತ್ತೆ. ಇದಕ್ಕೆ ವೈರಿಲ್ಲ, ವೈಫೈ ಇಲ್ಲ. ನಿನ್ನ ಪೆಟ್ಟಿಗೆ ಮನೆಯವ್ರಿಗೆಲ್ಲ ಬಾಗಿಲು ತೆಗೆಯತ್ತೆ.”

“ಪಾಸ್‌ವರ್ಡ್ ಅಂತ ಒಂದಿರತ್ತೆ. ನಿನ್ನ ತಲೆಗೆ ಹೋಗಲ್ಲ, ಬಿಡು.”

ಅವಳು ಕೆಲಸಕ್ಕೆ ಹೋಗಿದ್ದಾಗ ಆ ಪುಣ್ಯಾತ್ಮ ಕಂಪ್ಯೂಟರನ್ನೇ ಗುಜರಿಯವನಿಗೆ ಎತ್ತಿಕೊಟ್ಟ. ವಾಪಸು ಬಂದ ಬದ್ರಿಯಾ ಅವನಿಗೆ ಶಾಪ ಹಾಕಿದಳು, ಮಾತು ಬಿಟ್ಟಳು. ಆದರೆ ಮುಂದಿನ ಮದುವೆ ತಲೆಯ ಮೇಲಿತ್ತು, ಡಿಸ್ಕಿನಲ್ಲಿ ಜಾಗವಿರಲಿಲ್ಲ. ಹಲ್ಲು ಕಚ್ಚಿಕೊಂಡು, ತಾನೇ ಪಾಸ್‌ವರ್ಡ್ ಹಾಕಿ, ಎಲ್ಲವನ್ನೂ ಅವನು ತಂದಿಟ್ಟ ಪೆಟ್ಟಿಗೆಗೆ ತುಂಬಿದಳು. ಎಡವಿದ್ದು ಅಲ್ಲೇ. ಮಿಶಾರಿ ಗಂಡಸರು ಕೂರುವ ಕೋಣೆಯ, ಮಜ್ಲಿಸಿನ, ಟಿವಿಯಲ್ಲಿ ಒಂಟೆ ಓಟ ನೋಡಲೆಂದು, ಟಿವಿಗೆ ಪಾಸ್‌ವರ್ಡ್ ಕೇಳದ ಹಾಗೆ ಇಡೀ ಪೆಟ್ಟಿಗೆಯನ್ನು ತೆರೆದಿಟ್ಟಿದ್ದ.

ಗುರುವಾರ ಸಂಜೆ ಅವನ ಗೆಳೆಯರು ಬಂದು ಕೂತಿದ್ದರು. ಒಳಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಬದ್ರಿಯಾಗೆ ಗಂಡಸರ ಕೋಣೆಯಿಂದ ಮದುವೆಯ ಹೆಂಗಸರ ಸಂಭ್ರಮದ ಕೂಗು ಕೇಳಿತು, ಹಿಂದೆಯೇ ದಫ್ ವಾದ್ಯದ ಬಡಿತ. ತಾನೇ ತೆಗೆದ ವಿಡಿಯೊ. ಅದೇ ಊರಿನ ಉಮ್ ನಾಯಿಫ್ ಎಂಬಾಕೆಯ ದೊಡ್ಡ ಮಗಳ ಮದುವೆಯದು. ಓಟದ ವಿಡಿಯೊ ಮುಗಿದ ಮೇಲೆ ಟಿವಿ ತಾನಾಗಿಯೇ ಮುಂದಿನದಕ್ಕೆ ಹೋಗಿತ್ತು. ಸದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗೆಳೆಯರು ಒಬ್ಬೊಬ್ಬರಾಗಿ ಎದ್ದು ಹೋದರು.

ಮಿಶಾರಿ ಒಳಗೆ ಬಂದವನು ಅವಳ ಮುಖ ನೋಡಲಿಲ್ಲ.

“ಅಷ್ಟೊಂದು ಏನಾಗಿಲ್ಲ. ರಿಮೋಟು ದಿಂಬಿನ ಸಂದಿಗೆ ಬಿದ್ದಿತ್ತು, ಹುಡುಕೋದು ತಡ ಆಯ್ತು. ನಾನಂತೂ ಟಿವಿ ಕಡೆ ನೋಡೇ ಇಲ್ಲ. ಯಾರ ಮನೆಯವ್ರೋ ಏನೋ, ಅವ್ರಿಗೇನು ಗೊತ್ತಾಗತ್ತೆ? ನೀನು ಬಾಯಿ ಮುಚ್ಕೊಂಡಿರು.”

“ನೀನು ನೋಡ್ಲಿಲ್ಲ. ಅವ್ರು ನೋಡಿದ್ರು,” ಅಂದಳು ಬದ್ರಿಯಾ. “ಆ ವಿಡಿಯೊದಲ್ಲಿ ಮುಂದೆ ನಿಂತು ಕೂದಲು ಬೀಸಿ ಕುಣಿಯೋಳು ಯಾರು ಗೊತ್ತಾ? ನಿನ್ನ ಹೆಂಡ್ತಿ ಹೆಸ್ಸಾ.”

ಮಿಶಾರಿ ಓಡಿಹೋಗಿ ಪೆಟ್ಟಿಗೆಯ ವೈರನ್ನು ಕಿತ್ತು ಬಿಸಾಡಿದ.

“ಅಕ್ಕ, ಹೆಸ್ಸಾಗೆ ಹೇಳ್ಬೇಡ. ಕಾಲಿಗೆ ಬೀಳ್ತೀನಿ.”

“ಈಗ ಉರೀತಾ? ಯಾರ ಮನೆಯವ್ರೋ ಅಂದ್ಯಲ್ಲ, ಅವ್ರಿಗೂ ಹೀಗೇ ಉರಿಯತ್ತೆ. ಹೆಸ್ಸಾಗೆ ನೀನೇ ಹೇಳು. ಉಮ್ ನಾಯಿಫ್‌ಗೆ ನಾನು ಹೇಳ್ತೀನಿ.”

ಅವಳಿಗೆ ತಮ್ಮನ ಮೇಲೆ ಕನಿಕರ ಹುಟ್ಟಲಿಲ್ಲ. ಸುಮ್ಮನಿದ್ದರೆ ಕೆಲಸ ಉಳಿದೀತು ಎಂಬ ಆಸೆಯೂ ಒಂದು ಗಳಿಗೆ ಇಣುಕಿತು. ಆದರೂ ಬೆಳಿಗ್ಗೆ ಹೋದಳು, ಒಂದನ್ನೂ ಮುಚ್ಚಿಡದೆ ಹೇಳಿದಳು. ಉಮ್ ನಾಯಿಫ್ ಬೈಯಲಿಲ್ಲ, ಅಳಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಚಿಕ್ಕ ಮಗಳ ಮದುವೆ ಮುಂದಿನ ತಿಂಗಳಿತ್ತು. ಅವಳ ತಲೆ ಸವರುತ್ತಾ ಹೇಳಿದಳು: “ನೀನಾಗೇ ಬಂದು ಹೇಳಿದ್ದು ಒಳ್ಳೇದಾಯ್ತು ಬದ್ರಿಯಾ. ಇವಳ ಮದುವೇಗೆ ಫೋಟೋನೇ ಬೇಡ.”