ಅಕ್ಕನ ಮನೆ ಎಂದು ಬರೆಸಿದ ವಿಳಾಸ

ನನ್ನ ತಂಗಿಯ ಎಡಗಿವಿಯ ಪರದೆ ಹರಿಯುವಂತೆ ಹೊಡೆದವನಿಗೆ ಜಾಮೀನು ನಿಂತವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ನನ್ನ ನೆನಪು ನನಗೆ ಅನುಕೂಲವಾದ ಕಡೆಗೇ ವಾಲುತ್ತದೆ. ಹಾಗೆ ವಾಲುವಾಗ ಅದನ್ನು ಎಷ್ಟೋ ಸಲ ಹಿಡಿದಿದ್ದೇನೆ.

ಹೊಡೆದವನು ತಂಗಿಯ ಗಂಡ. ಅವ್ವನ ಖಾಸಾ ತಮ್ಮನೂ ಹೌದು, ಹಾಗಾಗಿ ನನಗೆ ಮಾಮಾ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಅಜ್ಜ ಗಡಿಯಾಚೆಯ ಹಳ್ಳಿಯಿಂದ ಮಿರಜಕ್ಕೆ ಕೂಲಿಗೆ ಬಂದಾಗ ಹಂಡೆ-ತಪ್ಪಲೆಗಳ ಜೊತೆ ಈ ರೂಢಿಯನ್ನೂ ಹೊತ್ತು ತಂದಿದ್ದ. ಇಲ್ಲಿನ ಮರಾಠಿ ಮಂದಿಗೆ ಇದನ್ನು ಕೇಳಿದರೆ ಹೇಸಿಗೆ. ಅದಕ್ಕೇ ನಾವು ಹೊರಗೆ ಬಾಯಿಬಿಡುವುದಿಲ್ಲ. ಯಾರಾದರೂ ಕೆದಕಿದರೆ ದೂರದ ಸಂಬಂಧ ಎಂದು ಹೇಳಿ ಮಾತು ಬದಲಿಸುತ್ತೇವೆ.

ಮಾಮಾ ಕುಪವಾಡದ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಸಂಸಾರವೂ ಅಲ್ಲೇ, ಬಾಡಿಗೆ ಮನೆಯಲ್ಲಿ. ಬಾಗಿಲು ತೆರೆಯಲು ತಡಮಾಡಿದಳು, ಅದಕ್ಕೇ ಹೊಡೆದೆ ಎಂದು ಪೊಲೀಸರ ಮುಂದೆ ತಾನೇ ಹೇಳಿದನಂತೆ, ಅದೂ ಒಂದು ಕಾರಣವೆಂಬಂತೆ. ಕಿವಿಯ ಜೊತೆ ಮಣಿಕಟ್ಟೂ ಮುರಿದಿತ್ತು. ಅವಳನ್ನು ಮಿರಜದ ಆಸ್ಪತ್ರೆಗೆ ಸೇರಿಸಿದರು, ಅವನನ್ನು ಒಳಗೆ ಹಾಕಿದರು.

ಜಾಮೀನಿನ ದಿನ ಅವ್ವ ತಮ್ಮನಿಗೆಂದು ರೊಟ್ಟಿ ಡಬ್ಬಿ ಕಟ್ಟಿಕೊಂಡು ಸಾಂಗ್ಲಿಯ ಕೋರ್ಟಿಗೆ ಬಂದಳು. ಮಗಳ ಆಸ್ಪತ್ರೆಗೆ ಅಂದು ಡಬ್ಬಿ ಹೋಯಿತೋ ಇಲ್ಲವೋ ನೆನಪಿಲ್ಲ. ನೆನಪಿಲ್ಲ ಎಂದರೆ ಹೋಗಿರಲಿಕ್ಕಿಲ್ಲ. ವಕೀಲರು ಮರಾಠಿಯಲ್ಲಿ ವಿವರಿಸಿದರು. ಹೆಂಡತಿಯ ವಿಳಾಸ ಕುಪವಾಡದ್ದು. ಆರೋಪಿ ಅತ್ತ ಕಾಲಿಡಬಾರದೆಂದು ಕೋರ್ಟು ಷರತ್ತು ಹಾಕುತ್ತದೆ. ಬೇರೆ ಕಡೆ ರಕ್ತಸಂಬಂಧಿಯ ಮನೆಯೊಂದನ್ನು ತೋರಿಸಬೇಕು. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ನನ್ನ ಮನೀನ ಬರಸು," ಅಂದಳು. "ಅಂವಗ ನನ್ನ ಬಿಟ್ಟು ಯಾರದಾರ?"

ನಾನು ವಕೀಲರಿಗೆ ಮರಾಠಿಯಲ್ಲಿ ಹೇಳಿದೆ: ಅಕ್ಕನ ಮನೆ, ಮಿರಜ. ಜಾಮೀನುದಾರ ಅಕ್ಕನ ಮಗ, ಎಂ.ಎ. ಓದಿದವನು, ಮನೆಯ ತೆರಿಗೆ ಪಟ್ಟಿ ಅವನ ಹೆಸರಿನಲ್ಲೇ ಇದೆ. ವಕೀಲರಿಗೆ ಖುಷಿಯಾಯಿತು. ಒಂದು ಸುಳ್ಳೂ ಇರಲಿಲ್ಲ. ಆ ಅಕ್ಕನೇ ಆ ಹೆಂಡತಿಯ ತಾಯಿ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

ವಕೀಲರು ಅವಸರ ಮಾಡಿದರು, ಯೋಚಿಸಲು ಹೊತ್ತಿರಲಿಲ್ಲ ಎಂದೇ ಬಹಳ ದಿನ ನಂಬಿಕೊಂಡಿದ್ದೆ. ಆದರೆ ಅದೇ ನೆನಪಿನಲ್ಲಿ ನಾನು ಎರಡು ಸಲ ಚಹಾ ಕುಡಿಯುತ್ತೇನೆ. ಟೈಪಿಸ್ಟನು ತಪ್ಪಾಗಿ ಹೊಡೆದ ಓಣಿಯ ಹೆಸರನ್ನು ತಿದ್ದಿಸುತ್ತೇನೆ. ಓಣಿಯ ತಪ್ಪು ಕಂಡವನಿಗೆ ಮನೆಯ ತಪ್ಪು ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ? ನಾನಂತೂ ನಂಬುವುದಿಲ್ಲ.

ಇವನು ಎಲ್ಲಿ ಇರುತ್ತಾನೆ ಎಂದು ಕೋರ್ಟಿನಲ್ಲಿ ಕೇಳಿದರು. ಅವಳು ಎಲ್ಲಿ ಮಲಗುತ್ತಾಳೆ ಎಂದು ಯಾರೂ ಕೇಳಲಿಲ್ಲ. ಜಾಮೀನಿನ ಅರ್ಜಿ ಬಂದಾಗ ಹೊಡೆಸಿಕೊಂಡವಳನ್ನು ಒಂದು ಮಾತು ಕೇಳಬೇಕು ಎಂಬ ಕಾನೂನು ಬರಲಿ ಎಂದು ನಾನು ಈಗ ಕಂಡಕಂಡವರ ಮುಂದೆ ವಾದಿಸುತ್ತೇನೆ. ಅಂದು ಅರ್ಜಿಯ ವಿಚಾರಣೆ ಇದೆ ಎಂದು ಅವಳಿಗೆ ನಾನೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಅವಳು ರಿಕ್ಷಾ ಇಳಿದು ತವರಿಗೆ ಬಂದಳು. ಇನ್ನೆಲ್ಲಿಗೆ ಹೋಗಬೇಕು? ಪಡಸಾಲೆಯಲ್ಲಿ ಮಾಮಾ ಬರೀ ಬನಿಯನ್ನಿನಲ್ಲಿ ಕೂತು ಊಟ ಮಾಡುತ್ತಿದ್ದ. ಅವ್ವ ಬಡಿಸುತ್ತಿದ್ದಳು. ತಂಗಿ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಳು.

"ಕೋರ್ಟೇ ಕಳಿಸೇತಿ ನನ್ನ ಇಲ್ಲಿ," ಎಂದು ಮಾಮಾ ತುತ್ತು ನುಂಗಿ ಹೇಳಿದ. "ನಾ ಎದ್ದು ಹೋದ್ರ ನಿಮ್ಮಣ್ಣಗ ಅಡಚಣಿ ಆಗತೈತಿ. ಸಹಿ ಅಂವಂದು."

ಅವನು ಏನೂ ಮಾಡುವುದಿಲ್ಲ, ಕೈಕಾಲು ತೊಳೆದು ಬಾ ಎಂದು ಅವ್ವ ಕರೆದಳು. ತಂಗಿ ಜಾಮೀನಿನ ಕಾಗದ ಕೇಳಿದಳು. ನಾನು ಕೊಟ್ಟೆ. ನಿಧಾನವಾಗಿ ಪೂರ್ತಿ ಓದಿದಳು.

"ಅಣ್ಣಾ, ಈ ಪತ್ತಾ ಯಾರು ಬರಿಸಿದ್ರು?"

ಅವ್ವ ಎಂದೆ.

"ಅವ್ವಗ ಮರಾಠಿ ಎಲ್ಲಿ ಬರತೈತಿ?"

ಅವಳು ಗಂಡನ ಕಡೆ ತಿರುಗಿದಳು. "ಕುಪವಾಡಕ್ಕ ನೀ ಬರೂಹಂಗಿಲ್ಲ ಅಂತ ಬರದಾರ. ಹಂಗಾದ್ರ ಆ ಮನಿ ನಂದಾತು."

ಗೂಟಕ್ಕೆ ತೂಗುಹಾಕಿದ್ದ ಅವನ ಅಂಗಿಯ ಜೇಬಿಗೆ ಸರಿಯಿರುವ ಕೈ ಹಾಕಿ ಕೀಲಿ ತೆಗೆದುಕೊಂಡಳು. ಅವನು ತಾಟು ಸರಿಸಿ ಎದ್ದ. ನಾನು ನಡುವೆ ಹೋಗಿ ನಿಂತೆ ಎಂದು ನನ್ನ ನೆನಪು. ನಾನು ಗೋಡೆಗೆ ಒರಗಿಯೇ ಇದ್ದೆ, ಅಡ್ಡ ಬಂದವಳು ಅವ್ವ ಎಂದು ತಂಗಿ ಹೇಳುತ್ತಾಳೆ. ಅವಳು ಸುಳ್ಳು ಹೇಳುವವಳಲ್ಲ.

"ನಿನ್ನ ಸಹಿ ವಾಪಸ ತಗೊ," ಎಂದಳು ನನಗೆ. "ಆಮ್ಯಾಲ ನಮ್ಮನಿಗೆ ಬಾ."

ಜಾಮೀನುದಾರ ತನ್ನನ್ನು ಬಿಡುಗಡೆ ಮಾಡಿರೆಂದು ಅರ್ಜಿ ಕೊಡಬಹುದು. ಆಗ ಆರೋಪಿ ಬೇರೆಯವರನ್ನು ತರಬೇಕು, ಇಲ್ಲವೇ ಒಳಗೆ ಹೋಗಬೇಕು. ಮರುದಿನವೇ ಹೋದೆ. ಕಾರಣ ಕೇಳಿದ ವಕೀಲರಿಗೆ ಸಂಬಂಧವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಸಖ್ಖಾ ಮಾಮಾನಾ, ಸ್ವಂತ ಸೋದರಮಾವನಾ, ಎಂದು ಎರಡು ಸಲ ಕೇಳಿ ಮುಖ ಕಿವುಚಿದರು. ಹರಿದ ಕಿವಿಯ ಬಗ್ಗೆ ಕೇಳಿದಾಗ ಆ ಮುಖ ಹಾಗೆ ಕಿವುಚಿರಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ ಎಂದು ಬರೆದರೆ ನಿನಗೇ ತೊಂದರೆ ಎಂದು ತಾವೇ ಟೈಪ್ ಮಾಡಿಸಿದರು: ವೈಯಕ್ತಿಕ ಕಾರಣಗಳಿಂದ. ಅದಕ್ಕೂ ಸಹಿ ಹಾಕಿದೆ.

ಮಾಮಾ ಕಾರ್ಖಾನೆಯ ಗೆಳೆಯನೊಬ್ಬನನ್ನು ಜಾಮೀನಿಗೆ ನಿಲ್ಲಿಸಿದ. ಈಗ ಹೊಳೆಯಾಚೆ ಸಾಂಗ್ಲಿವಾಡಿಯಲ್ಲಿ ಇದ್ದಾನೆ. ಅವ್ವ ದಿನಾ ಬಸ್ಸಿನಲ್ಲಿ ಡಬ್ಬಿ ಒಯ್ಯುತ್ತಾಳೆ, ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಅರ್ಜಿಯ ಪ್ರತಿ ಹಿಡಿದು ಕುಪವಾಡಕ್ಕೆ ಹೋದೆ. ಬಾಗಿಲಿಗೆ ಹೊಸ ಅಗಳಿ ಹಾಕಿಸಿದ್ದಳು. ಬಾಗಿಲಲ್ಲೇ ನಿಂತು ಓದಿದಳು, ವೈಯಕ್ತಿಕ ಕಾರಣಗಳೆಂಬ ಸಾಲಿನ ಮೇಲೆ ಬೆರಳಿಟ್ಟಳು.

"ಇದ್ರಾಗ ನಾ ಎಲ್ಲದೀನಿ?"

ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಹೊಸ್ತಿಲಿನ ಒಳಗೇ ನಿಂತು ಕಪ್ಪು ಚಾಚಿದಳು. ನಾನು ಮೆಟ್ಟಿಲ ಮೇಲೆ ಕೂತು ಕುಡಿದೆ.